ಬೆಳಿಗ್ಗೆ ಏಳು ಗಂಟೆಯ ಹೊಟ್ಟೆನೋವು

"ಮೇಡಂ, ಇದನ್ನ ಮಾಡಿಸಬಹುದಾ ನೋಡಿ" ಅಂತ ಆ ತಾಯಿ ಕೂರುವ ಮೊದಲೇ ಫೋನ್ ನನ್ನ ಮುಂದೆ ಹಿಡಿದರು. ವಾಟ್ಸಾಪ್‌ನಲ್ಲಿ ಬಂದ ವಿಡಿಯೋ. ಕುತ್ತಿಗೆಯ ಪಕ್ಕ ಎರಡು ಬೆರಳಿಟ್ಟು ಒತ್ತಿ, ಮುಖಕ್ಕೆ ಐಸ್ ಹಿಡಿದರೆ 'ವೇಗಸ್ ನರ ರೀಸೆಟ್' ಆಗುತ್ತದಂತೆ. ಮಕ್ಕಳ ಹೊಟ್ಟೆನೋವು, ಸಿಟ್ಟು, ಹಟ ಎಲ್ಲ ಒಂದೇ ನಿಮಿಷದಲ್ಲಿ ಮಾಯವಂತೆ. ಪಕ್ಕದಲ್ಲಿ ಎಂಟೂವರೆ ವರ್ಷದ ಹುಡುಗ. ಶೂ ತುದಿಯಿಂದ ನನ್ನ ಮೇಜಿನ ಕಾಲನ್ನು ಮೆಲ್ಲಗೆ ಒದೆಯುತ್ತಿದ್ದ.

"ಕುತ್ತಿಗೆ ಮಾತ್ರ ಒತ್ತಬೇಡಿ ಅಮ್ಮ" ಅಂದೆ. ಮೊದಲ ಸಲಹೆ ಅದೇ ಆಯಿತು. ಆ ಜಾಗದಲ್ಲಿ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳ ಇದೆ. ಒತ್ತಿದರೆ ಎದೆಬಡಿತ ಒಮ್ಮೆಲೇ ಇಳಿದು ತಲೆ ಸುತ್ತಿ ಬೀಳಬಹುದು. ಐಸ್ ಕಥೆಯೂ ಅಷ್ಟೇ. ಎದೆಬಡಿತ ವಿಪರೀತ ಏರಿದ ಕೂಸುಗಳ ಮುಖದ ಮೇಲೆ ಡಾಕ್ಟರು ಐಸ್ ಚೀಲ ಇಡುವುದುಂಟು. ಆದರೆ ಅದು ಆಸ್ಪತ್ರೆಯಲ್ಲಿ, ಇಸಿಜಿ ನೋಡುತ್ತಾ ಮಾಡುವ ಕೆಲಸ. ಅಡುಗೆಮನೆಯಲ್ಲಿ ಮಾಡುವುದಲ್ಲ.

ನಾನು ಆಪ್ತಸಲಹೆಗಾರ್ತಿ. ಈ ಪ್ರಕರಣದಲ್ಲಿ ಹೆಸರು, ಊರು, ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಅಪ್ಪನ ಅಂಗಡಿಯನ್ನು ಮಾತ್ರ ಇದ್ದ ಹಾಗೇ ಬಿಟ್ಟಿದ್ದೇನೆ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ಅವರೇ ಒಪ್ಪಿದ್ದಾರೆ. ಹುಡುಗನನ್ನು ಚಿನ್ನು ಅನ್ನೋಣ.

ಚಿನ್ನು ಮೂರನೇ ಕ್ಲಾಸಿನವರೆಗೆ ಮನೆ ಹತ್ತಿರದ ಸಣ್ಣ ಶಾಲೆಯಲ್ಲಿದ್ದ. ಜೂನ್‌ನಲ್ಲಿ ದೊಡ್ಡ ಶಾಲೆಗೆ ಹಾಕಿದರು. ವ್ಯಾನ್ 7.20ಕ್ಕೆ ಬರುತ್ತದೆ, ಸಂಜೆ ನಾಲ್ಕೂಕಾಲಿಗೆ ವಾಪಸ್. ಆಗಸ್ಟ್ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ಹೊಕ್ಕುಳ ಸುತ್ತ. ಬೆಳಿಗ್ಗೆ ಏಳಕ್ಕೆ ಬರುತ್ತದೆ, ಹತ್ತಕ್ಕೆ ಹೋಗುತ್ತದೆ. ಭಾನುವಾರ ಇಲ್ಲ. ದಸರಾ ರಜೆಯಲ್ಲಿ ಅದರ ಸುದ್ದಿಯೇ ಇಲ್ಲ. ನನ್ನ ಹತ್ತಿರ ಬಂದಿದ್ದು ನವೆಂಬರ್‌ನಲ್ಲಿ.

ಅಷ್ಟರಲ್ಲಿ ಅಜ್ಜಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಿದ್ದರು. ಓಮದ ನೀರು ಕುಡಿಸಿದ್ದಾಗಿತ್ತು. ಜಂತುಹುಳದ ಮಾತ್ರೆ, ಗ್ಯಾಸಿನ ಸಿರಪ್, ರಕ್ತ, ಮೂತ್ರ ಎಲ್ಲ ಆಗಿತ್ತು. ಸ್ಕ್ಯಾನಿಂಗ್‌ನಲ್ಲಿ ಕರುಳಿನ ಬಳಿ ಒಂದೆರಡು ಸಣ್ಣ ಗ್ರಂಥಿ ಕಾಣಿಸುತ್ತಿವೆ ಅಂತ ಬರೆದಿದ್ದರು. ಆರೋಗ್ಯವಾಗಿರುವ ಮಕ್ಕಳಲ್ಲೂ ಅವು ಕಾಣುತ್ತವೆ, ತಲೆ ಕೆಡಿಸಿಕೊಳ್ಳಬೇಡಿ ಅಂತ ಮಕ್ಕಳ ಡಾಕ್ಟರು ಹೇಳಿದ್ದರು. ಅಜ್ಜಿಯ ಕಿವಿಗೆ ಬಿದ್ದದ್ದು 'ಗಂಟು' ಅನ್ನುವ ಒಂದೇ ಮಾತು. ಎರಡು ದಿನ ಊಟ ಬಿಟ್ಟರಂತೆ.

ಅಪ್ಪನದು ಹಾರ್ಡ್‌ವೇರ್ ಅಂಗಡಿ. ಮಾತು ಕಡಿಮೆ. "ನಾಟಕ ಮೇಡಂ. ವ್ಯಾನ್ ಹೋದ ಮೇಲೆ ಬಂದು ನೋಡಿ, ಟಿವಿ ಮುಂದೆ ಆರಾಮಾಗಿ ಕೂತಿರ್ತಾನೆ." ಅವರು ಕಂಡದ್ದರಲ್ಲಿ ಸುಳ್ಳಿಲ್ಲ. ಅದರಿಂದ ತೆಗೆದ ತೀರ್ಮಾನ ತಪ್ಪು, ಅಷ್ಟೇ. ಶಾಲೆಗೆ ಹೋದ ದಿನ ಸಂಜೆ ಇನ್ನೊಂದು ಅವತಾರ. ಬ್ಯಾಗ್ ಎಸೆಯುವುದು, ತಂಗಿಗೆ ಹೊಡೆಯುವುದು, ಹೋಂವರ್ಕ್ ತೆಗೆದರೆ ಅಳು.

ಇಲ್ಲಿ ಆ ನರದ ವಿಷಯ ಹೇಳಲೇಬೇಕು. ಮಿದುಳಿನಿಂದ ನೇರ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ವೇಗಸ್ ಹತ್ತನೆಯದು. ಲ್ಯಾಟಿನ್‌ನಲ್ಲಿ ಆ ಹೆಸರಿಗೆ ಅಲೆಮಾರಿ ಅಂತ ಅರ್ಥ. ತಲೆಬುರುಡೆಯ ಬುಡದಿಂದ ಇಳಿದು ಗಂಟಲು, ಧ್ವನಿಪೆಟ್ಟಿಗೆ, ಹೃದಯ, ಶ್ವಾಸಕೋಶ, ಜಠರ ಸುತ್ತಿ ದೊಡ್ಡ ಕರುಳಿನ ಅರ್ಧದವರೆಗೂ ಹೋಗುತ್ತದೆ. ಕನ್ನಡದ ಕಿವಿಗೆ ಹೆಸರಲ್ಲಿ 'ವೇಗ' ಕೇಳಿಸುತ್ತದೆ ಅಲ್ವಾ? ಕೆಲಸ ಮಾತ್ರ ಬ್ರೇಕಿನದು. ದೊಡ್ಡವರ ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ಸುಮ್ಮನೆ ಕೂತಾಗ 70ರ ಆಸುಪಾಸಿಗೆ ಇಳಿಸಿ ಇಡುವುದು ವೇಗಸ್. ಹೆದರಿಕೆಯಾದರೆ ಬ್ರೇಕ್ ಸಡಿಲವಾಗುತ್ತದೆ. ಎದೆ ಡವಡವ ಅನ್ನುತ್ತದೆ. ಜಠರ ಕೆಲಸ ನಿಧಾನ ಮಾಡುತ್ತದೆ, ತಿಂದದ್ದು ಅಲ್ಲೇ ಕೂರುತ್ತದೆ.

ವಿಡಿಯೋದವರು ಹೇಳದೆ ಬಿಟ್ಟ ಸಂಗತಿ ಇನ್ನೊಂದಿದೆ. ಈ ನರದ ಎಳೆಗಳಲ್ಲಿ ಸುಮಾರು 80 ಶೇಕಡಾ ಮೇಲಿನಿಂದ ಅಪ್ಪಣೆ ತರುವಂಥವಲ್ಲ, ಕೆಳಗಿನಿಂದ ಮಿದುಳಿಗೆ ಸುದ್ದಿ ಒಯ್ಯುವಂಥವು. ಹೊಟ್ಟೆ ತುಂಬಿತು, ಹಸಿಯಿತು, ತೊಳಸುತ್ತಿದೆ ಅನ್ನುವ ಸುದ್ದಿ. ನೋವಿನ ಸುದ್ದಿ ಹೆಚ್ಚಾಗಿ ಬೆನ್ನುಹುರಿಯ ದಾರಿ ಹಿಡಿಯುತ್ತದೆ. ಆದ್ದರಿಂದ ಎಲ್ಲವನ್ನೂ ವೇಗಸ್ ತಲೆಗೆ ಕಟ್ಟುವುದೂ ಸರಿಯಲ್ಲ. ಆದರೂ ಸ್ವಿಚ್ ಒತ್ತಿದ ಹಾಗೆ ಅದನ್ನು ಒತ್ತಲು ಹೊರಟವರು ಒಂದು ಕೇಳಿಕೊಳ್ಳಬೇಕು. ಕೆಳಗಿನಿಂದ ಬರುತ್ತಿರುವ ಸುದ್ದಿ ಏನು?

ನಾನೇ ಅದನ್ನು ಮೊದಲ ದಿನ ಕೇಳಿಕೊಳ್ಳಲಿಲ್ಲ.

ಆವತ್ತು ನಾನು ಮಾಡಿದ್ದು ಉಸಿರಿನ ಪಾಠ. ಕೊರೊನಾ ಕಾಲದ ಆಕ್ಸಿಮೀಟರ್ ನನ್ನ ಡ್ರಾಯರ್‌ನಲ್ಲಿತ್ತು. ಚಿನ್ನುವಿನ ಬೆರಳಿಗೆ ಸಿಕ್ಕಿಸಿದೆ. "ಮೂರು ಎಣಿಸೋವರೆಗೆ ಉಸಿರು ತಗೋ, ಆರು ಎಣಿಸೋವರೆಗೆ ಬಿಡು." ತಗೊಂಡಾಗ ಬಡಿತದ ಅಂಕಿ ಸ್ವಲ್ಪ ತಡವಾಗಿ 98ಕ್ಕೆ ಏರಿತು. ಬಿಟ್ಟಾಗ 89ಕ್ಕೆ ಇಳಿಯಿತು. ಅವನು ಕಣ್ಣರಳಿಸಿ ಇನ್ನೊಮ್ಮೆ ಮಾಡಿದ. ಮತ್ತೆ ಹಾಗೇ. ಇದು ಮಂತ್ರವಲ್ಲ. ಉಸಿರು ಬಿಡುವಾಗ ವೇಗಸ್ ಬ್ರೇಕ್ ಬಿಗಿಯಾಗುತ್ತದೆ, ಒಳಗೆಳೆದಾಗ ಸಡಿಲ. ಮಕ್ಕಳಲ್ಲಿ ಈ ಏರಿಳಿತ ಚೆನ್ನಾಗಿ ಕಾಣುತ್ತದೆ. ದಿನಾ ಬೆಳಿಗ್ಗೆ ಮಾಡಿಸಿ ಅಂತ ಹೇಳಿ, ನನ್ನ ಬೆನ್ನು ನಾನೇ ತಟ್ಟಿಕೊಂಡು ಕಳಿಸಿದೆ.

ಒಂದು ವಾರ ಬಿಟ್ಟು ಬಂದರು. ನೋವು ಜಾಸ್ತಿಯಾಗಿತ್ತು. ವಿಚಾರಿಸಿದರೆ, ಬೆಳಿಗ್ಗೆ 6.50ಕ್ಕೆ ಅಮ್ಮ ಫೋನ್‌ನಲ್ಲಿ ಟೈಮರ್ ಹಾಕಿಕೊಂಡು ಮುಂದೆ ನಿಲ್ಲುತ್ತಿದ್ದರಂತೆ. "ಬಿಡು, ಇನ್ನೂ ಬಿಡು, ಬೇಗ ಬಿಡೋ, ವ್ಯಾನ್ ಬರುತ್ತೆ!" ನಾನೂ ನಕ್ಕೆ, ಅವರೂ ನಕ್ಕರು. ತಪ್ಪು ಅವರದಲ್ಲ. ಆ ಮನೆಗೆ ಇನ್ನೊಂದು ಪರೀಕ್ಷೆ ಹೊರಿಸಿ ಕಳಿಸಿದ್ದು ನಾನು.

ಆ ದಿನ ಅಮ್ಮನನ್ನು ಹೊರಗೆ ಕೂರಿಸಿ ಚಿನ್ನುವಿಗೆ ಕಪ್ಪೆಯ ಕಥೆ ಹೇಳಿದೆ. 1921ರಲ್ಲಿ ಆಸ್ಟ್ರಿಯಾದ ಗ್ರಾಜ್ ಊರಲ್ಲಿ ಆಟೊ ಲೋವಿ ಅನ್ನುವ ವಿಜ್ಞಾನಿ ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನಂಥ ದ್ರವದಲ್ಲಿ ಇಟ್ಟರು. ಎರಡೂ ಬಡಿಯುತ್ತಲೇ ಇದ್ದವು. ಒಂದರ ವೇಗಸ್ ನರ ಕೆಣಕಿದರು. ಅದರ ಬಡಿತ ನಿಧಾನವಾಯಿತು. ಆ ದ್ರವ ತೆಗೆದು ಇನ್ನೊಂದಕ್ಕೆ ಹಾಕಿದರೆ, ಯಾರೂ ಮುಟ್ಟದ ಆ ಹೃದಯವೂ ನಿಧಾನವಾಯಿತು. ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಅಂತ ಸಿಕ್ಕ ದೊಡ್ಡ ಸಾಕ್ಷಿ ಅದು. 1936ರಲ್ಲಿ ನೊಬೆಲ್ ಬಂತು.

ಚಿನ್ನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಮಿಸ್, ಕಪ್ಪೆ ನಾಟಕ ಆಡ್ತಿಲ್ಲ ಅಂತ ಅವರಿಗೆ ಹೆಂಗೆ ಗೊತ್ತಾಯ್ತು?"

ನನ್ನ ಕರುಳು ಚುರುಕ್ ಅಂದಿತು. "ಹೃದಯಕ್ಕೆ ನಾಟಕ ಬರಲ್ಲ ಕಣೋ. ಹೊಟ್ಟೆಗೂ ಬರಲ್ಲ" ಅಂದೆ. ಒಂದು ಹಾಳೆ ಕೊಟ್ಟು ನಿನ್ನ ಹೊಟ್ಟೆ ಹೇಗಿದೆ ಬರಿ ಅಂದೆ. ಒಂದು ಉದ್ದ ಚೌಕ ಬರೆದು, ಅದರ ಒಳಗೆ ಸಣ್ಣ ಹುಡುಗನನ್ನು ಬರೆದ. ಹುಡುಗನ ಒಂದು ಕೈ ಮುಂದಕ್ಕೆ ಚಾಚಿತ್ತು. ಇದು ಹೊಟ್ಟೆನಾ ಅಂತ ಕೇಳಿದೆ. "ಅಲ್ಲ, ಬಾಗಿಲು." ಯಾವ ಬಾಗಿಲು? "ಟಾಯ್ಲೆಟ್‌ದು. ಚಿಲಕ ಇಲ್ಲ. ಕೈಯಲ್ಲಿ ಹಿಡ್ಕೋಬೇಕು."

ಆಮೇಲೆ ಬಿಡಿಬಿಡಿಯಾಗಿ ಬಂತು. ಜುಲೈನಲ್ಲಿ ಒಮ್ಮೆ ಒಳಗಿದ್ದಾಗ ದೊಡ್ಡ ಕ್ಲಾಸಿನ ಹುಡುಗರು ಬಾಗಿಲು ತಳ್ಳಿ ನಕ್ಕಿದ್ದರು. ಅವತ್ತಿನಿಂದ ಅವನು ಶಾಲೆಯ ಟಾಯ್ಲೆಟ್‌ಗೆ ಕಾಲಿಟ್ಟಿಲ್ಲ. ಒಂದೂ ಇಲ್ಲ, ಎರಡೂ ಇಲ್ಲ. ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಅಮ್ಮ ಅದನ್ನು ಗಿಡಕ್ಕೆ ಸುರಿಯುತ್ತಿದ್ದರು.

ಈಗ ಬೆಳಿಗ್ಗೆ ಏಳು ಗಂಟೆಯನ್ನು ಮತ್ತೊಮ್ಮೆ ನೋಡಿ. ಜಠರಕ್ಕೆ ತಿಂಡಿ ಬಿದ್ದ ಕೂಡಲೇ ದೊಡ್ಡ ಕರುಳು ಅಲುಗಾಡಲು ಶುರುಮಾಡುತ್ತದೆ. ಎಲ್ಲರಿಗೂ ಹಾಗೇ. ತಿಂಡಿ ಆದ ಮೇಲೆ ಕಕ್ಕಸಿಗೆ ಹೋಗಬೇಕು ಅನ್ನಿಸುವುದು ಅದಕ್ಕೇ. ಇವನಿಗೆ ಎದ್ದದ್ದೇ 6.40ಕ್ಕೆ, ಕೂರಲು ಪುರುಸೊತ್ತಿಲ್ಲ. ತಡೆದುಕೊಳ್ಳಬೇಕು, ಸಂಜೆವರೆಗೆ. ತಡೆದು ತಡೆದು ಮಲ ಗಟ್ಟಿಯಾಗಿ ತುಂಬಿಕೊಂಡಿದೆ. ಮೇಲೆ ಹೆದರಿಕೆ. ಅದರ ಮೇಲೆ "ನಾಟಕ" ಅನ್ನುವ ಮಾತು. ಹತ್ತಕ್ಕೆ ಯಾಕೆ ಹೋಗುತ್ತದೆ? ಕರುಳಿನ ಆ ಅಲೆ ತಗ್ಗಿರುತ್ತದೆ. ಮನೆಯಲ್ಲಿ ಉಳಿದ ದಿನವಾದರೆ ಹೆದರಲು ಏನೂ ಉಳಿದಿರುವುದಿಲ್ಲ. ಸಂಜೆಯ ರಂಪಕ್ಕೂ ಬೇರೆ ಕಾರಣ ಹುಡುಕಬೇಕಿಲ್ಲ. ಒಂಬತ್ತು ಗಂಟೆ ಬಿಗಿ ಹಿಡಿದು ಬಂದ ಮಗು ಅದು.

ನಾನು ಡಾಕ್ಟರ್ ಅಲ್ಲ. ಹಾಗಾಗಿ ಮೊದಲು ಮಕ್ಕಳ ಡಾಕ್ಟರ ಹತ್ತಿರ ವಾಪಸ್ ಕಳಿಸಿದೆ, ಈ ಸಲ ಟಾಯ್ಲೆಟ್ ವಿಷಯ ಚೀಟಿಯಲ್ಲಿ ಬರೆದು. ಅವರು ಹೊಟ್ಟೆ ಮುಟ್ಟಿ ನೋಡಿ, ಮಲಬದ್ಧತೆ ಇದೆ ಅಂತ ನೀರಲ್ಲಿ ಕಲಸಿ ಕುಡಿಯುವ ಪುಡಿ ಬರೆದುಕೊಟ್ಟರು. ಓದುವ ತಂದೆ ತಾಯಿಗೂ ಒಂದು ಮಾತು. ಮಗುವಿನ ತೂಕ ಇಳಿಯುತ್ತಿದ್ದರೆ, ನೋವು ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ಮಲದಲ್ಲಿ ರಕ್ತ, ಹಸಿರು ವಾಂತಿ, ಬಿಡದ ಜ್ವರ ಇದ್ದರೆ, ನೋವು ಹೊಕ್ಕುಳ ಬಿಟ್ಟು ಬಲಗಡೆ ಕೆಳಗೆ ನಿಂತರೆ ಆಪ್ತಸಲಹೆಗೆ ಬರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ.

ಅಪ್ಪನನ್ನು ಒಬ್ಬರನ್ನೇ ಕರೆದು ಮಾತಾಡಿದೆ. ಇಂಥ ಹೊಟ್ಟೆನೋವು ನಿಮ್ಮ ಮನೆಯದೊಂದೇ ಅಲ್ಲ ಸರ್ ಅಂದೆ. 1958ರಲ್ಲೇ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ಆಪ್ಲಿ ಅನ್ನುವ ಡಾಕ್ಟರು ಸಾವಿರ ಶಾಲಾಮಕ್ಕಳನ್ನು ನೋಡಿದಾಗ ಹತ್ತರಲ್ಲಿ ಒಬ್ಬರಿಗಿಂತ ಜಾಸ್ತಿ ಮಕ್ಕಳಿಗೆ ಪದೇಪದೇ ಬರುವ ಹೊಟ್ಟೆನೋವಿತ್ತು. "ಒಂದೇ ಒಂದು ಸಲ ಅವನಿಗೆ ಹೇಳಿ, ನಿನ್ನ ನೋವು ನಿಜ ಅಂತ ನಂಗೆ ಗೊತ್ತು ಅಂತ. ಆಮೇಲೆ ಆ ವಿಷಯ ಎತ್ತಬೇಡಿ." ಅವರು ಟೇಬಲ್ ನೋಡುತ್ತಾ ಕೂತಿದ್ದರು. "ಚಿಲಕ ಯಾವ ಥರದ್ದು ಅಂದ?" ಅಂತ ಕೇಳಿದರು. ನಂಗೆ ಗೊತ್ತಿರಲಿಲ್ಲ.

ಅಮ್ಮ, ಅಜ್ಜಿಗೆ ಕೊಟ್ಟ ಸಲಹೆ ಕಷ್ಟದ್ದು. ಬೆಳಿಗ್ಗೆ "ನೋವಿದೆಯಾ ಪುಟ್ಟಾ?" ಅಂತ ಕೇಳಬಾರದು. ಅಜ್ಜಿಗೆ ಸಿಟ್ಟೇ ಬಂತು. "ಕೇಳದೇ ಇರೋಕೆ ನಾವೇನು ಕಲ್ಲಾ?" ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲಿನ್ ವಾಕರ್ ತಂಡ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಹೇಳಿದೆ. ಮಕ್ಕಳಿಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿದರು. ಕೆಲವು ತಂದೆ ತಾಯಿ ನೋವಿನ ಬಗ್ಗೆಯೇ ಮಾತಾಡಿದರು, ಕೆಲವರು ಬೇರೆ ಮಾತಿಗೆ ಎಳೆದರು. ನೋವಿನ ಮಾತು ನಡೆದಲ್ಲಿ ಮಕ್ಕಳ ದೂರು ಹೆಚ್ಚುಕಡಿಮೆ ಎರಡು ಪಟ್ಟಾಯಿತು, ಬೇರೆ ಮಾತಾಡಿದಲ್ಲಿ ಅರ್ಧಕ್ಕೆ ಇಳಿಯಿತು. ಅಜ್ಜಿ ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. "ಹಂಗಾದ್ರೆ ಕೋಳಿ ಕಥೆ ಹೇಳ್ತೀನಿ" ಅಂದರು. ಅದೇ ಸಾಕಿತ್ತು.

ಎಬ್ಬಿಸುವುದು ಆರು ಗಂಟೆಗೆ. ಬಿಸಿನೀರು, ತಿಂಡಿ, ಆಮೇಲೆ ಹತ್ತು ನಿಮಿಷ ಕಕ್ಕಸಿನಲ್ಲಿ, ಬರಲಿ ಬಿಡಲಿ. ಅವರ ಮನೆಯದು ಕಮೋಡ್, ಹಾಗಾಗಿ ಕಾಲ ಕೆಳಗೆ ಒಂದು ಮಣೆ. ಕಾಲು ತೂಗಾಡಿದರೆ ಮಕ್ಕಳಿಗೆ ಮುಕ್ಕಲು ಆಗುವುದಿಲ್ಲ. ಉಸಿರಿನ ಪಾಠವನ್ನು ಬೆಳಗಿನಿಂದ ಕಿತ್ತು ಸಂಜೆಗೆ ಹಾಕಿದೆ, ಪಾಠದ ವೇಷ ತೆಗೆದು. ಲೋಟದ ನೀರಿನಲ್ಲಿ ಸ್ಟ್ರಾ ಇಟ್ಟು ಯಾರ ಗುಳ್ಳೆ ಜಾಸ್ತಿ ಹೊತ್ತು ಬರುತ್ತದೆ ಅಂತ ಅಣ್ಣ ತಂಗಿ ಪಂದ್ಯ. ಅಜ್ಜಿಯ ಜೊತೆ ದೀಪ ಹಚ್ಚುವಾಗ ಭಜನೆ. ಉದ್ದ ಉಸಿರು ಬಿಡದೆ ಹಾಡಲು ಯಾರಿಗೂ ಬರುವುದಿಲ್ಲವಲ್ಲ. ಶಾಲೆಗೆ ಮಾತ್ರ ಹೋಗಲೇಬೇಕು. ನೋವು ಬಂದರೆ ಹತ್ತು ನಿಮಿಷ ಸಿಕ್ ರೂಮಿನಲ್ಲಿ ಮಲಗಿ ಕ್ಲಾಸಿಗೆ ವಾಪಸ್, ಮನೆಗೆ ಕಳಿಸುವುದಿಲ್ಲ. ಕ್ಲಾಸ್ ನಡೆಯುವಾಗ ಟಾಯ್ಲೆಟ್‌ಗೆ ಹೋಗಲು ಅನುಮತಿ ಬೇಕು, ಬಿಡುವಿನ ಗದ್ದಲದಲ್ಲಿ ಅಲ್ಲ. ಕ್ಲಾಸ್ ಟೀಚರ್ ಒಳ್ಳೆಯವರು, ತಕ್ಷಣ ಒಪ್ಪಿದರು. ಚಿಲಕದ ವಿಷಯಕ್ಕೆ ಆಫೀಸಿನಿಂದ "ಮೇಂಟೆನೆನ್ಸ್‌ಗೆ ಬರೆದಿದ್ದೇವೆ" ಅಂತ ಉತ್ತರ ಬಂತು. ಮೂರು ವಾರ ಅದೇ ಉತ್ತರ.

ನಾಲ್ಕನೇ ವಾರದ ಶನಿವಾರ ಮಧ್ಯಾಹ್ನ ಅಪ್ಪ ಅಂಗಡಿಯಿಂದ ಡ್ರಿಲ್ಲಿಂಗ್ ಮಷಿನ್, ನಾಲ್ಕು ಚಿಲಕ, ಸ್ಕ್ರೂ ತಗೊಂಡು ಶಾಲೆಗೆ ಹೋದರು. ಚಿನ್ನು ಸ್ಕ್ರೂ ಡಬ್ಬಿ ಹಿಡಿದುಕೊಂಡಿದ್ದ. ನಾಲ್ಕೂ ಬಾಗಿಲಿಗೆ ಹಾಕಿದರು. ಮಕ್ಕಳ ಕೈಗೆ ಎಟುಕುವ ಹಾಗೆ ಸ್ವಲ್ಪ ಕೆಳಗೆ. ಇದನ್ನು ನನಗೆ ಹೇಳಿದ್ದು ಅಮ್ಮ. ಅಪ್ಪ ಇವತ್ತಿಗೂ ಹೇಳಿಲ್ಲ.

ಎಲ್ಲ ಒಂದೇ ಸಲ ಸರಿಯಾಗಲಿಲ್ಲ. ವಾರಕ್ಕೆ ಐದಾರು ದಿನ ಇದ್ದ ನೋವು ಡಿಸೆಂಬರ್ ಕೊನೆಗೆ ಒಂದು ದಿನಕ್ಕೆ ಇಳಿಯಿತು. ಸಂಕ್ರಾಂತಿಗೆ ಊರಿಗೆ ಹೋಗಿ ನಾಲ್ಕು ದಿನ ಇದ್ದು ಬಂದ ಮೇಲೆ ಮತ್ತೆ ಮೂರು ದಿನ ಅದೇ ಹಾಡು. ಅಮ್ಮ ಗಾಬರಿಯಾಗಿ ಫೋನ್ ಮಾಡಿದರು. ಪುಡಿ ಕೊಡ್ತಿದ್ದೀರಾ ಅಂತ ಕೇಳಿದೆ. ಚೆನ್ನಾಗಿದ್ದಾನಲ್ಲ ಅಂತ ನಿಲ್ಲಿಸಿಬಿಟ್ಟಿದ್ದರು. ಡಾಕ್ಟರು ಹೇಳುವ ತನಕ ನಿಲ್ಲಿಸಬೇಡಿ, ಹಿಗ್ಗಿದ ಕರುಳು ಮೊದಲಿನ ಹಾಗಾಗಲು ತಿಂಗಳುಗಟ್ಟಲೆ ಬೇಕು ಅಂದೆ.

ಫೆಬ್ರವರಿಯಲ್ಲಿ ಕೊನೆಯ ಸಲ ಬಂದಾಗ ಚಿನ್ನು ಮೇಜಿನ ಕಾಲು ಒದೆಯಲಿಲ್ಲ. ಆಕ್ಸಿಮೀಟರ್ ಕೇಳಿ ತಗೊಂಡು ತಂಗಿಯ ಬೆರಳಿಗೆ ಹಾಕಿ, "ಬಿಡು, ನಿಧಾನ" ಅನ್ನುತ್ತಿದ್ದ. ಶಾಲೆ ಹೇಗಿದೆ ಅಂತ ಕೇಳಿದೆ.

"ಪರವಾಗಿಲ್ಲ ಮಿಸ್. ಮೂರನೇ ಬಾಗಿಲಿನ ಚಿಲಕ ಸ್ವಲ್ಪ ಬಿಗಿ. ಎಣ್ಣೆ ಬಿಡಬೇಕು ಅಂತ ಅಪ್ಪಂಗೆ ಹೇಳಿದೀನಿ."