ಕಾಸ್ಮಿಕ್ ಹಾರರ್ ಯಾವ ಸಿನಿಮಾದಿಂದ ಶುರು ಮಾಡಲಿ? ‘ತುಂಬಾಡ್’, ‘ಈವೆಂಟ್ ಹೊರೈಜನ್’ ಅದರಲ್ಲಿ ಸೇರುತ್ತವಾ?

ನೀವು ಈ ಎರಡೂ ಸಿನಿಮಾ ನೋಡಿದ್ದೀರಿ. ಎರಡೂ ಕಾಸ್ಮಿಕ್ ಹಾರರ್ ಎಂದು ಗೆಳೆಯರು ಹೇಳುತ್ತಾರೆ, ಅದು ಸರಿಯಾ, ಇದೇ ಥರದ್ದು ಇನ್ನೇನಿದೆ ಎಂದು ಕೇಳಿದ್ದೀರಿ. ಯಾವುದರಿಂದ ಶುರು ಮಾಡಬೇಕು ಅನ್ನುವುದು ಸುಲಭ. ಜಾನ್ ಕಾರ್ಪೆಂಟರ್ ಅವರ ‘ದಿ ಥಿಂಗ್’ (1982) ಇವತ್ತೇ ರಾತ್ರಿ ನೋಡಿ. ಇನ್ನೊಂದು ಪ್ರಶ್ನೆಗೆ ನಿಮ್ಮ ಗೆಳೆಯರ ಜೊತೆ ಸ್ವಲ್ಪ ಜಗಳ ಆಡಬೇಕಾಗುತ್ತದೆ. ನನ್ನ ಪ್ರಕಾರ ಎರಡೂ ಸೇರುವುದಿಲ್ಲ.

ನಾನು ಯಾವ ಅಳತೆ ಇಟ್ಟುಕೊಂಡಿದ್ದೇನೆ ಅಂತ ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆಯ ದೆವ್ವ, ದೈವ, ಶಾಪ ಎಲ್ಲಕ್ಕೂ ಮನುಷ್ಯನ ಜೊತೆ ಒಂದು ಸಂಬಂಧ ಇರುತ್ತದೆ. ತಪ್ಪು ಮಾಡಿದರೆ ಮುನಿಯುತ್ತವೆ, ಹರಕೆ ತೀರಿಸಿದರೆ ಶಾಂತವಾಗುತ್ತವೆ. ‘ಕಾಂತಾರ’ ನೆನಪಿಸಿಕೊಳ್ಳಿ. ರಾಜ ದೈವಕ್ಕೆ ಮಾತು ಕೊಡುತ್ತಾನೆ, ಮುಂದಿನ ತಲೆಮಾರಿನವರು ಮುರಿಯಲು ಹೊರಡುತ್ತಾರೆ, ದೈವ ಲೆಕ್ಕ ಕೇಳುತ್ತದೆ. ಅಲ್ಲಿ ಭಯ ಇದೆ, ಅದರ ಬೆನ್ನಿಗೇ ನ್ಯಾಯವೂ ಇದೆ. ಕಾಸ್ಮಿಕ್ ಹಾರರ್‌ನಲ್ಲಿ ನ್ಯಾಯದ ಮಾತೇ ಇಲ್ಲ. ರಸ್ತೆ ಅಗಲ ಮಾಡುವ ಜೆಸಿಬಿಗೆ ದಾರಿಯಲ್ಲಿ ಸಿಕ್ಕ ಹುತ್ತದ ಮೇಲೆ ಕೋಪವೇನೂ ಇರುವುದಿಲ್ಲ. ಹಾಗೆಯೇ ಇಲ್ಲಿ ಬರುವ ಶಕ್ತಿಗೂ ಮನುಷ್ಯ ಲೆಕ್ಕಕ್ಕೇ ಇಲ್ಲ. 1920ರ, 30ರ ದಶಕಗಳಲ್ಲಿ ಅಮೆರಿಕದ ಅಗ್ಗದ ಕಥಾಪತ್ರಿಕೆಗಳಿಗೆ ಎಚ್.ಪಿ. ಲವ್‌ಕ್ರಾಫ್ಟ್ ಬರೆದ ಕಥೆಗಳ ತಿರುಳು ಇದೇ. ಜನ ಅವನಿಂದ ಆಕ್ಟೋಪಸ್ ಥರದ ತೋಳುಗಳನ್ನಷ್ಟೇ ಎತ್ತಿಕೊಂಡರು. ಆ ತೋಳು ಕಂಡ ಕೂಡಲೇ ಕಾಸ್ಮಿಕ್ ಹಾರರ್ ಅಂದುಬಿಡುವುದು ನನಗೆ ಒಪ್ಪಿಗೆ ಇಲ್ಲ.

ಇದಕ್ಕೆ ತೀರಾ ಹತ್ತಿರ ಬರುವ ಗಳಿಗೆ ನಮ್ಮಲ್ಲೇ ಒಂದಿದೆ. ಗೀತೆಯ 11ನೇ ಅಧ್ಯಾಯದ ವಿಶ್ವರೂಪ. ಲೋಕಗಳೆಲ್ಲ ಆ ಬಾಯಿಗಳೊಳಗೆ ಹೋಗುವುದನ್ನು ಕಂಡು ಅರ್ಜುನ ನಡುಗಿಬಿಡುತ್ತಾನೆ. ಮೊದಲಿನ ರೂಪವನ್ನೇ ತೋರಿಸು ಎಂದು ಬೇಡಿಕೊಳ್ಳುತ್ತಾನೆ. ಕೃಷ್ಣ ಮತ್ತೆ ಸೌಮ್ಯ ರೂಪಕ್ಕೆ ಬಂದು ಅವನನ್ನು ಸಮಾಧಾನ ಮಾಡುತ್ತಾನೆ. ಹಾಗೆ ತಿರುಗಿ ಬಂದು ಸಮಾಧಾನ ಮಾಡುವವರು ಯಾರೂ ಇಲ್ಲದಿದ್ದರೆ ಅರ್ಜುನನ ಗತಿ ಏನಾಗುತ್ತಿತ್ತು? ಈ ಸಿನಿಮಾಗಳು ನಿಲ್ಲುವುದು ಆ ಜಾಗದಲ್ಲಿ.

ಈಗ ‘ತುಂಬಾಡ್’ಗೆ ಬರೋಣ. ಭಾರತದಲ್ಲಿ ಬಂದ ಭಯದ ಸಿನಿಮಾಗಳಲ್ಲಿ ನನಗೆ ಅತಿ ಇಷ್ಟವಾದದ್ದು ಅದು. ಆ ಮಳೆ, ಆ ವಾಡೆ, ಆ ಕೆಂಪು ಗರ್ಭಗುಡಿ, ಮರೆಯಲಿಕ್ಕೇ ಆಗುವುದಿಲ್ಲ. ಅದರಲ್ಲಿ ಚಿನ್ನ ಇಟ್ಟುಕೊಂಡಿರುವ ಶಾಪಗ್ರಸ್ತ ದೇವತೆ ಹಸ್ತರ್‌ನ ಹೆಸರು ಪಾಶ್ಚಾತ್ಯ ಭಯದ ಕಥೆಗಳಲ್ಲಿ ಬರುವ ಹಾಸ್ಟರ್ ಎಂಬ ದೇವತೆಯ ಹೆಸರಿಗೆ ಹತ್ತಿರ ಇದೆ ಅನ್ನುವ ವಾದವೂ ಗೊತ್ತು. ಆದರೆ ಹಸ್ತರ್‌ಗೆ ಏನು ಬೇಕು ಅಂತ ನಮಗೆ ಚೆನ್ನಾಗಿ ಗೊತ್ತು: ಹಿಟ್ಟು. ಹಿಟ್ಟಿನ ಗೊಂಬೆ ತೋರಿಸಿ, ಅದರ ಗಮನ ಆ ಕಡೆ ಹೋದಾಗ ಚಿನ್ನ ಕದಿಯಬಹುದು. ಹಿಟ್ಟಿನ ಗೆರೆಯೊಳಗೆ ನಿಂತರೆ ಬಚಾವ್. ಅಂದರೆ ನಿಯಮ ಇದೆ, ವ್ಯವಹಾರ ಇದೆ. ಕೊನೆಗೆ ಕಥಾನಾಯಕ ವಿನಾಯಕ ಹಾಳಾಗುವುದು ಅವನದೇ ದುರಾಸೆಯಿಂದ. ಅದು ಅಜ್ಜಿ ಹೇಳುವ ನೀತಿಕಥೆಯ ವಂಶದ್ದು, ಅದಕ್ಕೇ ಅಷ್ಟು ಗಟ್ಟಿಯಾಗಿದೆ.

‘ಈವೆಂಟ್ ಹೊರೈಜನ್’ (1997) ಬಗ್ಗೆ ವಾದ ಇನ್ನೂ ಕಷ್ಟ. ಕಾಣೆಯಾಗಿ ನೆಪ್ಚೂನ್ ಗ್ರಹದ ಹತ್ತಿರ ತಿರುಗಿ ಬಂದ ಬಾಹ್ಯಾಕಾಶ ಹಡಗು ಎಲ್ಲಿಗೆ ಹೋಗಿತ್ತು ಅಂದರೆ, ನರಕ ಅನ್ನುವುದು ಬರೀ ಒಂದು ಪದ, ನಿಜವಾದದ್ದು ಅದಕ್ಕಿಂತ ಘೋರ ಎಂದು ಸಿನಿಮಾವೇ ಹೇಳುತ್ತದೆ. ನಿಮ್ಮ ಗೆಳೆಯರು ಹಿಡಿದುಕೊಳ್ಳುವುದು ಈ ಮಾತನ್ನೇ ಇರಬೇಕು. ಆದರೆ ಆ ಹಡಗು ಮಾಡುವ ಕೆಲಸ ನೋಡಿ. ಒಬ್ಬೊಬ್ಬರ ಮನಸ್ಸಿನಲ್ಲಿರುವ ಪಾಪಪ್ರಜ್ಞೆ ಹುಡುಕುತ್ತದೆ. ಇವಳಿಗೆ ಮಗನನ್ನು ತೋರಿಸುತ್ತದೆ, ಅವನಿಗೆ ಸತ್ತ ಹೆಂಡತಿಯನ್ನು. ಇಷ್ಟೊಂದು ಆಸಕ್ತಿಯಿಂದ ನಿಮ್ಮನ್ನು ಕಾಡುವುದಕ್ಕೆ ನೀವು ಬೇಕೇ ಬೇಕು. ಅದು ಆಕಾಶದಲ್ಲಿ ತೇಲುವ ದೆವ್ವದ ಮನೆ. ಒಳ್ಳೆಯ ದೆವ್ವದ ಮನೆಯೇ, ಅದರಲ್ಲಿ ಅನುಮಾನ ಇಲ್ಲ.

‘ದಿ ಥಿಂಗ್’ ಯಾಕೆ ಸೇರುತ್ತದೆ, ಅದು ಸುಮ್ನೆ ರಾಕ್ಷಸ ಜೀವಿಯ ಸಿನಿಮಾ ಅಲ್ವಾ ಎಂದು ಕೇಳುವವರಿದ್ದಾರೆ. ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಠಾಣೆ. ಲಕ್ಷ ವರ್ಷ ಹಳೆಯ ಮಂಜಿನಡಿ ಹೂತಿದ್ದ ಏನೋ ಎದ್ದು ಬಂದಿದೆ. ಮುಟ್ಟಿದ ಜೀವದ ಒಳಗೆ ಸೇರಿ ಅದರದೇ ರೂಪ ತಾಳುತ್ತದೆ. ಮೊದಲ ದೃಶ್ಯದಲ್ಲೇ ನಾರ್ವೆಯವನೊಬ್ಬ ಒಂದು ನಾಯಿಯನ್ನು ಅಟ್ಟಿಸಿಕೊಂಡು ಬಂದು, ಇದು ನಾಯಿಯಲ್ಲ, ದೂರ ಹೋಗಿ ಎಂದು ಕೂಗುತ್ತಾನೆ. ನಾರ್ವೇಜಿಯನ್ ಭಾಷೆಯಲ್ಲಿ. ಅಮೆರಿಕದವರಿಗೆ ಒಂದಕ್ಷರ ಅರ್ಥವಾಗುವುದಿಲ್ಲ, ಅವನನ್ನೇ ಗುಂಡಿಟ್ಟು ಕೊಲ್ಲುತ್ತಾರೆ. ಇಡೀ ಸಿನಿಮಾದ ಸತ್ಯ ಶುರುವಿನಲ್ಲೇ ಹೊರಗೆ ಬಂದಿರುತ್ತದೆ, ಕೇಳಿಸಿಕೊಳ್ಳುವವರಿರುವುದಿಲ್ಲ.

ಆಮೇಲೆ ರಕ್ತಪರೀಕ್ಷೆಯ ದೃಶ್ಯ. ಅದರ ಒಂದೊಂದು ಚೂರೂ ಬೇರೆಯದೇ ಜೀವ, ತನ್ನನ್ನು ತಾನು ಉಳಿಸಿಕೊಳ್ಳಲು ನೋಡುತ್ತದೆ ಎಂದು ಠಾಣೆಯ ಹೆಲಿಕಾಪ್ಟರ್ ಪೈಲಟ್ ಮ್ಯಾಕ್‌ರೆಡಿ ಊಹಿಸುತ್ತಾನೆ. ಎಲ್ಲರನ್ನೂ ಕಟ್ಟಿಹಾಕಿ, ಒಬ್ಬೊಬ್ಬರ ರಕ್ತವನ್ನು ಗಾಜಿನ ಬಟ್ಟಲಿನಲ್ಲಿ ಹಿಡಿದು, ಕಾಯಿಸಿದ ತಂತಿ ಅದ್ದುತ್ತಾನೆ. ಚುಂಯ್ ಅಂತ ಸದ್ದು, ಮುಂದಿನವರ ಬಟ್ಟಲು. ಮತ್ತೆ ಅದೇ ಸದ್ದು. ಅವನು ಬೇರೆಯವನ ಮೇಲೆ ಅನುಮಾನದಿಂದ ಮಾತಾಡುತ್ತಲೇ ತಂತಿ ಅದ್ದುತ್ತಾನೆ, ನಮ್ಮ ಗಮನವೂ ಮಾತಿನ ಕಡೆಗೆ ಹೋಗಿರುತ್ತದೆ, ಬಟ್ಟಲಿನ ರಕ್ತ ಕಿರುಚಿ ಮೇಲಕ್ಕೆ ಹಾರುತ್ತದೆ. ಇಲ್ಲಿ ದುಷ್ಟತನ ಎಲ್ಲಿದೆ ಹೇಳಿ? ಬಿಸಿ ತಾಗಿದ್ದಕ್ಕೆ ತಪ್ಪಿಸಿಕೊಂಡಿತು, ಅಷ್ಟೇ. ಇದು ಊರು ಸೇರಿದರೆ 27,000 ಗಂಟೆಗಳಲ್ಲಿ ಪ್ರಪಂಚದ ಎಲ್ಲ ಮನುಷ್ಯರೂ ಮುಗಿದರು ಎಂದು ಠಾಣೆಯ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಮೂರು ವರ್ಷಕ್ಕಿಂತ ಸ್ವಲ್ಪ ಜಾಸ್ತಿ. ಅದಕ್ಕೆ ನಮ್ಮ ಮೇಲೆ ಯಾವ ಸೇಡೂ ಇಲ್ಲ, ಬದುಕುವುದೇ ಹಾಗೆ. ಬಿಡುಗಡೆಯಾದಾಗ ವಿಮರ್ಶಕರು ಇದನ್ನು ಹೀಗಳೆದರು, ಚಿತ್ರಮಂದಿರಗಳಲ್ಲೂ ಓಡಲಿಲ್ಲ. ಎರಡು ವಾರ ಮೊದಲು ಬಂದಿದ್ದ ‘ಇ.ಟಿ.’ಯ ಮುದ್ದಿನ ಅನ್ಯಗ್ರಹ ಜೀವಿಯನ್ನು ಜನ ಆಗಲೇ ಮನೆಗೆ ಕರೆದುಕೊಂಡು ಹೋಗಿದ್ದರು.

ಮುಂದಿನದು ಫ್ರಾಂಕ್ ಡ್ಯಾರಬಾಂಟ್ ಅವರ ‘ದಿ ಮಿಸ್ಟ್’ (2007). ಮಂಜು ಕವಿದ ಊರಿನ ಸೂಪರ್ ಮಾರ್ಕೆಟ್‌ನಲ್ಲಿ ಜನ ಸಿಕ್ಕಿಬಿದ್ದಿದ್ದಾರೆ. ಅಲ್ಲಿ ಮಿಸೆಸ್ ಕಾರ್ಮೊಡಿ ಎಂಬಾಕೆ ಇದು ದೇವರ ಶಿಕ್ಷೆ, ಬಲಿ ಕೊಡಬೇಕು ಎಂದು ಶುರು ಮಾಡುತ್ತಾಳೆ. ಜನ ಅವಳ ಹಿಂದೆ ಹೋಗುತ್ತಾರೆ, ಯಾಕೆಂದರೆ ಕೋಪಗೊಂಡ ದೇವರಾದರೆ ಕೊನೇಪಕ್ಷ ಮಾತಾಡಿಸಬಹುದು. ಆದರೆ ಕೊನೆಯ ಹತ್ತಿರ, ಕಾರಿನಲ್ಲಿ ಕೂತವರ ಮುಂದೆ ಬೆಟ್ಟದಷ್ಟು ದೊಡ್ಡದೊಂದು ರಸ್ತೆ ದಾಟುತ್ತದೆ. ಕಾರಿನ ಕಡೆ ತಿರುಗಿಯೂ ನೋಡುವುದಿಲ್ಲ. ಈ ದೃಶ್ಯಕ್ಕಾಗಿಯೇ ನೋಡಿ. ಆಮೇಲಿನದನ್ನು ನಾನು ಹೇಳುವುದಿಲ್ಲ, ದಯವಿಟ್ಟು ಇಂಟರ್ನೆಟ್‌ನಲ್ಲೂ ಓದಬೇಡಿ. ಇದರ ಕಪ್ಪು ಬಿಳುಪು ಆವೃತ್ತಿಯೂ ಇದೆ, ಸಿಕ್ಕರೆ ಅದನ್ನೇ ಹಾಕಿ.

ಅಲೆಕ್ಸ್ ಗಾರ್ಲೆಂಡ್ ಅವರ ‘ಅನೈಹಿಲೇಶನ್’ (2018) ನಿಧಾನ, ಕೆಲವರಿಗೆ ಬೇಜಾರು ಬರಬಹುದು. ತಾಳ್ಮೆಯಿಂದ ಕೂತರೆ ಒಂದು ಕರಡಿ ಬರುತ್ತದೆ. ಅದು ಕೊಂದ ಹೆಂಗಸಿನ ದನಿಯಲ್ಲೇ, ಕಾಪಾಡಿ ಎಂದು ಅದು ಕೂಗುತ್ತದೆ. ಕುರ್ಚಿಗೆ ಕಟ್ಟಿಹಾಕಿಸಿಕೊಂಡ ಅವಳ ತಂಡದ ಗೆಳತಿಯರು ಉಸಿರು ಬಿಗಿಹಿಡಿದು ಕೂತಿರುತ್ತಾರೆ. ನನ್ನ ವಾದಕ್ಕೆ ಬೇಕಾದ ಸಾಕ್ಷಿಯೂ ಈ ಸಿನಿಮಾದಲ್ಲೇ ಇದೆ. ಇದಕ್ಕೆಲ್ಲ ಮೂಲವಾದ, ಆಕಾಶದಿಂದ ಬಂದ ಆ ಶಕ್ತಿಗೆ ಏನು ಬೇಕಿತ್ತು ಎಂದು ಅಧಿಕಾರಿ ಕೇಳಿದಾಗ, ಅದಕ್ಕೆ ಏನೂ ಬೇಕಿರಲಿಲ್ಲ ಅನಿಸುತ್ತದೆ ಎಂದು ನಾಯಕಿ ಉತ್ತರಿಸುತ್ತಾಳೆ.

ಲವ್‌ಕ್ರಾಫ್ಟ್‌ನ ಕಥೆಯನ್ನೇ ತೆರೆಯ ಮೇಲೆ ನೋಡಬೇಕು ಅಂದರೆ, ಆಕಾಶದಿಂದ ಬಿದ್ದ ಬಣ್ಣದ ಕಥೆ ಇದೆ. ಯಾರೂ ಎಂದೂ ಕಾಣದ ಬಣ್ಣವನ್ನು ಹೇಗೆ ತೋರಿಸುತ್ತೀರಿ? ರಿಚರ್ಡ್ ಸ್ಟ್ಯಾನ್ಲಿ 2019ರಲ್ಲಿ ನಿಕೋಲಸ್ ಕೇಜ್ ಇಟ್ಟುಕೊಂಡು ಇದನ್ನು ‘ಕಲರ್ ಔಟ್ ಆಫ್ ಸ್ಪೇಸ್’ ಎಂದು ಮಾಡಿದಾಗ ಎಲ್ಲ ಕಡೆ ಗುಲಾಬಿ-ನೇರಳೆ ಬೆಳಕು ಚೆಲ್ಲಿದರು. ಚೆನ್ನಾಗಿದೆ. ಆದರೆ 2010ರ ಜರ್ಮನ್ ಸಿನಿಮಾ ‘ಡಿ ಫಾರ್ಬೆ’ಯ ಉಪಾಯಕ್ಕೆ ನಾನು ಸೋತುಹೋದೆ. ಇಡೀ ಸಿನಿಮಾ ಕಪ್ಪು ಬಿಳುಪು, ಆ ಒಂದಕ್ಕೆ ಮಾತ್ರ ಬಣ್ಣ. ಆ ಲೋಕದಲ್ಲಿ ಬಣ್ಣ ಅನ್ನುವುದೇ ಹೊರಗಿನಿಂದ ಬಂದದ್ದು.

ಇವೆಲ್ಲ ಹಿಡಿಸಿದರೆ ‘ದಿ ಎಂಡ್‌ಲೆಸ್’ (2017) ಹುಡುಕಿ. ಜಸ್ಟಿನ್ ಬೆನ್ಸನ್, ಆರನ್ ಮೂರ್‌ಹೆಡ್ ಕಡಿಮೆ ದುಡ್ಡಿನಲ್ಲಿ ತಾವೇ ನಿರ್ದೇಶಿಸಿ, ತಾವೇ ಅಣ್ಣ ತಮ್ಮ ಆಗಿ ನಟಿಸಿದ್ದಾರೆ. ಏನನ್ನೂ ತೋರಿಸದೆ ಹೆದರಿಸುತ್ತಾರೆ.

ಒಂದು ಎಚ್ಚರಿಕೆ: ‘ದಿ ಥಿಂಗ್’ ಹೆಸರಿನಲ್ಲೇ 2011ರಲ್ಲಿ ಇನ್ನೊಂದು ಸಿನಿಮಾ ಬಂದಿದೆ. ಅದು ನಾರ್ವೆ ಠಾಣೆಯ ಹಿಂದಿನ ಕಥೆ. ಅದನ್ನು ಮೊದಲು ನೋಡಿಬಿಟ್ಟರೆ 1982ರದ್ದರ ಗುಟ್ಟೆಲ್ಲ ಬಯಲು. ವರ್ಷ ನೋಡಿಕೊಂಡೇ ಹಾಕಿ. ‘ಈವೆಂಟ್ ಹೊರೈಜನ್’ ಬಗ್ಗೆ ನಿಮ್ಮ ಗೆಳೆಯರ ಹತ್ತಿರ ಬೇರೆ ವಾದ ಇದ್ದರೆ ಕೆಳಗೆ ಬರೆಯಲು ಹೇಳಿ, ಖಂಡಿತ ಉತ್ತರ ಕೊಡುತ್ತೇನೆ.