ಸ್ಕೇಲ್ ಎರಡು ಪಟ್ಟು, ಮಣ್ಣು ಎಂಟು ಪಟ್ಟು

ಪ್ರಶ್ನೆ: ಹಾಸನದಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದೇನೆ. 30×40 ನಿವೇಶನದ ಮನೆಗೆ 5 ಮಿ.ಮೀ. ಫೋಮ್ ಬೋರ್ಡಿನಲ್ಲಿ (ಎರಡು ಕಾಗದಗಳ ನಡುವೆ ಫೋಮ್ ಇರುವ ಹಾಳೆ) 1:100 ಸ್ಕೇಲಿನ, ಅಂದರೆ ನಿಜದ ನೂರನೇ ಒಂದು ಅಳತೆಯ ಮಾಡೆಲ್ ಮಾಡಿದೆ. ಒಳಗಿನ ಕೋಣೆಗಳು ತೀರಾ ಇಕ್ಕಟ್ಟಾಗಿ ಕಂಡವು. ಅದನ್ನೇ 1:50ಕ್ಕೆ ಹಿಗ್ಗಿಸೋಣವೆಂದು ಎರಡರಷ್ಟು ಬೋರ್ಡ್, ಅಡಿಪಾಯದ ದಿಬ್ಬಕ್ಕೆ ಎರಡರಷ್ಟು ಜೇಡಿಮಣ್ಣು ತಂದೆ. ಎರಡೂ ಸಾಲಲಿಲ್ಲ. ಎಲ್ಲಿ ತಪ್ಪಿದೆ?

ಉತ್ತರ: ಹಳೇಬೀಡಿನ ದೇವಸ್ಥಾನದ ಹೊರಗೆ ಬಳಪದ ಕಲ್ಲಿನ ಗಣಪತಿ ಮಾರುವವರನ್ನು ನೋಡಿದ್ದೀರಲ್ಲ? ಅರ್ಧ ಅಡಿಯ ಗಣಪತಿ ಒಂದೂವರೆ ಕಿಲೋ ತೂಗಿದರೆ, ಅದೇ ರೂಪದ ಒಂದಡಿಯ ಗಣಪತಿ ತೂಗುವುದು ಮೂರು ಕಿಲೋ ಅಲ್ಲ, ಹನ್ನೆರಡು. ಎತ್ತರದ ಜೊತೆಗೆ ಅಗಲವೂ ದಪ್ಪವೂ ಇಮ್ಮಡಿಯಾಗಿರುತ್ತವೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ. ನಿಮ್ಮ ದಿಬ್ಬಕ್ಕೂ ಎಂಟರಷ್ಟು ಮಣ್ಣು ಬೇಕಿತ್ತು. ಬೋರ್ಡಿನ ದಪ್ಪ ಬದಲಾಗದ ಕಾರಣ ಅದು ನಾಲ್ಕರಷ್ಟು ಸಾಕು. ಕತ್ತರಿಸುವಾಗ ಹಾಳಾಗುವುದಕ್ಕೆಂದು ಇನ್ನೊಂದು ಹಾಳೆ ಇರಲಿ, ಹಾಳಾಗಿಯೇ ಆಗುತ್ತದೆ.

ಇಕ್ಕಟ್ಟಿಗೆ ಕಾರಣ ಬೇರೆ. 1:100ರಲ್ಲಿ 5 ಮಿ.ಮೀ. ಬೋರ್ಡ್ ಎಂದರೆ ಅರ್ಧ ಮೀಟರ್ ದಪ್ಪದ ಗೋಡೆ. ನೀವು ಕಟ್ಟಿದ್ದು ಮನೆಯಲ್ಲ, ಮಂಜರಾಬಾದ್ ಕೋಟೆ! ಒಂಬತ್ತಂಗುಲದ ಗೋಡೆ ಆ ಸ್ಕೇಲಿನಲ್ಲಿ ಬರೀ 2.3 ಮಿ.ಮೀ. ಗೋಡೆಯ ನಡುಗೆರೆ ಹಿಡಿದು ಬೋರ್ಡ್ ನಿಲ್ಲಿಸಿದ್ದರೆ, ನಾಲ್ಕಡಿ ಅಗಲದ ಬಚ್ಚಲಿನ ಐದನೇ ಒಂದು ಭಾಗಕ್ಕೂ ಹೆಚ್ಚನ್ನು ಈ ಹೆಚ್ಚುವರಿ ದಪ್ಪವೇ ನುಂಗಿರುತ್ತದೆ. 1:50ರಲ್ಲಿ ಅದೇ ಬೋರ್ಡ್ 25 ಸೆಂ.ಮೀ. ಆಗುತ್ತದೆ, ಗಾರೆ ಸೇರಿದ ಹೊರಗೋಡೆಗೆ ಸರಿಹೋಗುತ್ತದೆ. ಒಳಗಿನ ನಾಲ್ಕೂವರೆ ಅಂಗುಲದ ಗೋಡೆಗಳಿಗೆ 2 ಮಿ.ಮೀ. ಮೌಂಟ್ ಬೋರ್ಡ್ ಬಳಸಿ. ಮೂಲೆಯಲ್ಲಿ ಒಂದು ತುಂಡಿನ ಅಂಚಿನಿಂದ 5 ಮಿ.ಮೀ. ಒಳಗೆ ಗೆರೆ ಎಳೆದು, ಹೊರಗಿನ ಕಾಗದವನ್ನು ಮಾತ್ರ ಉಳಿಸಿ ಒಳಗಿನ ಕಾಗದ, ಫೋಮ್ ಎರಡನ್ನೂ ಕೊರೆದು ತೆಗೆಯಿರಿ. ಇನ್ನೊಂದು ತುಂಡು ಅಲ್ಲಿ ಕೂರುತ್ತದೆ, ಫೋಮಿನ ಅಂಚು ಹೊರಗೆ ಕಾಣುವುದಿಲ್ಲ.

ಸ್ಕೇಲ್ ದೊಡ್ಡದಾಯಿತೆಂದು ಕಿಟಕಿಯ ಚಿಲಕವನ್ನೂ ಅಂಟಿಸಲು ಹೋಗಬೇಡಿ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಮೆಟ್ಟಿಲುಗಳ ಇಕ್ಕೆಲದಲ್ಲಿರುವ ಕಿರುಗುಡಿಗಳನ್ನು ನೋಡಿ ಬನ್ನಿ. ದೊಡ್ಡ ಗುಡಿಯ ಶಿಲ್ಪಗಳನ್ನೆಲ್ಲ ಕುಗ್ಗಿಸಿ ಅವುಗಳ ಮೇಲೆ ತುರುಕಿಲ್ಲ; ಆದರೂ ಗುಡಿ ಎಂದು ದೂರದಿಂದಲೇ ತಿಳಿಯುತ್ತದೆ. ದೊಡ್ಡ ಗುಡಿಯ ಶಿಖರ ಇಂದು ಉಳಿದಿಲ್ಲ, ಇವುಗಳದ್ದು ಉಳಿದಿದೆ.

ಕೋಣೆಯ ಒಳಗಾತ್ರವನ್ನು ಮೇಲಿನಿಂದ ಇಣುಕಿ ಅಳೆಯಲಾಗದು. ಐದೂವರೆ ಅಡಿಯ ಮನುಷ್ಯ 1:50ರಲ್ಲಿ 3.4 ಸೆಂ.ಮೀ.; ರಟ್ಟಿನಲ್ಲಿ ಒಬ್ಬನನ್ನು ಕತ್ತರಿಸಿ ನಡುಮನೆಯಲ್ಲಿ ನಿಲ್ಲಿಸಿ. ಮೊಬೈಲನ್ನು ತಲೆಕೆಳಗಾಗಿ ಹಿಡಿದರೆ ಕ್ಯಾಮೆರಾ ಅವನ ಕಣ್ಣಿನ ಮಟ್ಟಕ್ಕೆ ಇಳಿಯುತ್ತದೆ. ಬಾಗಿಲಿನಿಂದ ಒಂದು ಚಿತ್ರ ತೆಗೆದು ನೋಡಿದ ಮೇಲೆ, ಬಚ್ಚಲನ್ನು ಹಿಗ್ಗಿಸಬೇಕೋ ಬೇಡವೋ ತೀರ್ಮಾನಿಸಿ.