ಚಳಿಗಾಲದಲ್ಲಿ ಬೋಳಾಗುವ ಕೈತೋಟಕ್ಕೆ ಯಾವ ಮರ, ಯಾವ ಪೊದೆ ಒಳ್ಳೆಯದು?

ಎಲೆ ಉದುರಿದ ಮೇಲೆ ಚಿಗುರುವವರೆಗೂ ತೋಟದಲ್ಲಿ ನೋಡಲು ಏನೂ ಉಳಿಯುವುದಿಲ್ಲ, ಆ ತಿಂಗಳುಗಳಿಗೆಂದೇ ಏನನ್ನು ನೆಡಬಹುದು ಎಂದು ಕೇಳಿದ್ದೀರಿ. ಹಿಮ ಬೀಳುವ ಪ್ರದೇಶದಲ್ಲಿ ಹಲವು ವರ್ಷ ತೋಟ ಮಾಡಿರುವ ನನ್ನ ಸಲಹೆಯೆಂದರೆ, ಹೂವಿಗಿಂತ ಮೊದಲು ತೊಗಟೆಯ ಬಗ್ಗೆ ಯೋಚಿಸಿ. ಹೂವಿನ ಸೊಗಸು ಕೆಲವು ವಾರಗಳದ್ದು. ತೊಗಟೆಯಾದರೋ ಎಲೆಗಳ ಮರೆ ಸರಿದ ದಿನದಿಂದ ಚಳಿಗಾಲ ಮುಗಿಯುವವರೆಗೂ ಕಣ್ಣೆದುರಿಗೇ ಇರುತ್ತದೆ.

ದೊಡ್ಡ ಮರಕ್ಕೆ ಸ್ಥಳವಿದ್ದರೆ ಹಿಮಾಲಯದ ಬರ್ಚ್ ನೆಡಿ. ಹಿಂದೆ ಹಸ್ತಪ್ರತಿಗಳನ್ನು ಬರೆಯುತ್ತಿದ್ದ ಭೂರ್ಜಪತ್ರ ಈ ಮರದ ತೊಗಟೆಯೇ. ಇದರಲ್ಲಿ ಜಾಕ್‌ಮೊಂಟಿ ಎಂಬ ಬಗೆಯ ಕಾಂಡ ಸುಣ್ಣ ಬಳಿದಂತೆ ಬೆಳ್ಳಗಿರುವುದರಿಂದ, ಹಿಂದೆ ಕಡುಹಸಿರಿನ ಬೇಲಿಯಿದ್ದರೆ ಮೋಡ ಕವಿದ ದಿನದಲ್ಲೂ ಎದ್ದು ಕಾಣುತ್ತದೆ. ಜಾಗ ಕಡಿಮೆಯಿದ್ದವರಿಗೆ ಮಧ್ಯ ಚೀನಾ ಮೂಲದ ಪೇಪರ್‌ಬಾರ್ಕ್ ಮೇಪಲ್ ಹೊಂದುತ್ತದೆ. ಬೆಳವಣಿಗೆ ನಿಧಾನ, ಆದರೆ ಕಾಯುವುದಕ್ಕೆ ತಕ್ಕ ಮರ. ಅದರ ಕಂದುಗೆಂಪು ತೊಗಟೆ ತೆಳುವಾದ ಹಾಳೆಗಳಾಗಿ ಸುಲಿದು, ಉದುರದೆ, ಕಾಂಡದ ಮೇಲೆಯೇ ಸುರುಳಿಗಟ್ಟಿ ನಿಲ್ಲುತ್ತದೆ. ಇಳಿಬಿಸಿಲು ಹಿಂದಿನಿಂದ ಬಿದ್ದಾಗ ಒಂದೊಂದು ಸುರುಳಿಯ ಅಂಚೂ ಕೆಂಡದಂತೆ ಹೊಳೆಯುತ್ತದೆ.

ಪೊದೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಕೆಂಪು ಕಾಂಡದ ಡಾಗ್‌ವುಡ್. ಮೊದಲೆರಡು ವರ್ಷ ಕುಂಕುಮದ ಬಣ್ಣಕ್ಕಿದ್ದ ನನ್ನ ಗಿಡ ಆಮೇಲಾಮೇಲೆ ಮಂಕಾಗಿ ಬೂದುಗಂದು ಬಣ್ಣಕ್ಕೆ ತಿರುಗಿತು. ಚೆನ್ನಾಗಿ ಬೆಳೆದ ಗಿಡಕ್ಕೆ ಕತ್ತರಿ ಹಾಕಲು ಮನಸ್ಸು ಬಾರದೆ ನಾನು ಸುಮ್ಮನಿದ್ದದ್ದೇ ಅದಕ್ಕೆ ಕಾರಣವಾಗಿತ್ತು. ಆ ಕೆಂಪು ಚೆನ್ನಾಗಿ ಬರುವುದು ಎಳೆಯ ರೆಂಬೆಗಳಲ್ಲಿ, ಅದೂ ಬಿಸಿಲು ಸಾಕಷ್ಟು ಬಿದ್ದಾಗ. ಆದ್ದರಿಂದ ಗಿಡ ಬೇರೂರಿದ ಮೇಲೆ ಪ್ರತಿ ವರ್ಷವೂ ಚಿಗುರುವ ಮುನ್ನ ಹಳೆಯ ರೆಂಬೆಗಳಲ್ಲಿ ಮೂರನೆಯ ಒಂದು ಭಾಗವನ್ನು ಬುಡದವರೆಗೆ ಸವರಿಬಿಡಿ. ನಾನು ಹಾಗೆ ಮಾಡಿದ ಮರುವರ್ಷವೇ ಬಣ್ಣ ಮರಳಿತು.

ಹೂವು ಬೇಕೇ ಬೇಕೆಂದಾದರೆ ಚೀನಾದ ವಿಚ್ ಹೇಝಲ್ ಇದೆ. ಎಲೆಯಿಲ್ಲದ ಕೊಂಬೆಗಳ ಮೇಲೆ ಕಿರಿದಾದ ರಿಬ್ಬನ್ ಚೂರುಗಳಂತಹ ಹಳದಿ ಎಸಳುಗಳು ಮೂಡುತ್ತವೆ. ಚಳಿ ಬಲವಾದಾಗ ಅವು ಒಳಕ್ಕೆ ಸುತ್ತಿಕೊಂಡು, ಬಿಸಿಲೇರಿದ ಮೇಲೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಬಾಗಿಲ ಪಕ್ಕದ ನೆರಳಿಗೆ ಸಾರ್ಕೊಕೊಕ್ಕ ಎಂಬ ನಿತ್ಯಹಸಿರಿನ ಪುಟ್ಟ ಪೊದೆ ಸಾಕು. ಅದರ ಹೂವು ಕಣ್ಣಿಗೆ ಬೀಳುವುದಿಲ್ಲ, ಆದರೆ ಪರಿಮಳ ಅಂಗಳವನ್ನು ತುಂಬುತ್ತದೆ.

ಕೆಂಪು ಹಣ್ಣಿನ ಆಸೆಯಿಂದ ಹಾಲಿ (holly) ಅಥವಾ ವಿಂಟರ್‌ಬೆರಿ ಗಿಡ ಕೊಳ್ಳುವಾಗ ಮಾತ್ರ ಎಚ್ಚರಿಕೆಯಿರಲಿ. ಇವುಗಳಲ್ಲಿ ಗಂಡು, ಹೆಣ್ಣು ಗಿಡಗಳು ಬೇರೆ ಬೇರೆ. ಹಣ್ಣು ಬಿಡುವುದು ಹೆಣ್ಣು ಗಿಡವೇ ಆದರೂ, ಅದೇ ಸಮಯಕ್ಕೆ ಹೂಬಿಡುವ ಗಂಡು ಗಿಡವೊಂದು ಸಮೀಪದಲ್ಲಿರಬೇಕು.

ಯಾವುದನ್ನೇ ಆರಿಸಿದರೂ ಗುಂಡಿ ತೋಡುವ ಮೊದಲು ಆ ಜಾಗದಲ್ಲಿ ಒಂದು ಕೋಲು ನೆಟ್ಟು, ನೀವು ದಿನವೂ ಹೆಚ್ಚು ಹೊತ್ತು ಕೂರುವ ಕಿಟಕಿಯಿಂದ ಅದು ಕಾಣುತ್ತದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಚಳಿಗಾಲದ ತೋಟವನ್ನು ನಾವು ಹೆಚ್ಚಾಗಿ ನೋಡುವುದು ಮನೆಯೊಳಗಿನಿಂದಲೇ.